ಬೆಟ್ಟ ಹತ್ತಿದ ಬಿಎಚ್‌ಸಿ ಪುಡಿ

ನಮ್ಮ ಅತ್ತೆಯನ್ನು ಊಟಕ್ಕೆ ಕರೆಯಲು ಗಂಡೆದೆ ಬೇಕು! ಕೊತ್ತತ್ತಿಯ ಈ ನನ್ನ ಸೋದರತ್ತೆ ಎಲೆಯ ಮುಂದೆ ಕೂತಳೆಂದರೆ ಮೊದಲು ಊಟದ ವಿಚಾರಣೆ ನಡೆಯುತ್ತದೆ. ಒಮ್ಮೆ ಆತಗೂರಿನ ಬೀಗರ ಮನೆಯಲ್ಲಿ ಬದನೆಕಾಯಿ ಪಲ್ಯ ಬಡಿಸಲು ಬಂದ ಅಡುಗೆಯವನನ್ನೇ ತಡೆದಳು.

"ಇದಕ್ಕೆ ಏನಪ್ಪಾ ಒಡ್ದಿದ್ದೀಯ?"

ಅವನು ತಬ್ಬಿಬ್ಬಾಗಿ, "ಒಗ್ಗರಣೆ ಒಡ್ದಿವ್ನಿ ಕಣವ್ವ" ಎಂದ.

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅತ್ತೆ ನಗಲಿಲ್ಲ; ಅವಳು ಕೇಳಿದ್ದು ಬದನೆ ಗಿಡಕ್ಕೆ ಹೊಡೆದ ಔಷಧಿಯ ವಿಚಾರ. ಪಲ್ಯ ಬಿಟ್ಟು ಮೊಸರನ್ನ ಕಲಸಿಕೊಂಡವಳು, ಹಸು ಯಾವ ಹುಲ್ಲು ಮೇಯ್ದಿತ್ತೋ ಎಂದು ನೆನೆದು ಅದನ್ನೂ ಅಲ್ಲೇ ಬಿಟ್ಟಳು!

ಇಂಥವಳ ಮುಂದೆ ಬಾಯಿ ಮುಚ್ಚಿಕೊಂಡಿರುವುದು ಕ್ಷೇಮ. ಆದರೆ ಮಂಡ್ಯದ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವನ ಬಾಯಿ ಸುಮ್ಮನಿರುತ್ತದೆಯೇ? ಒಂದು ಸಂಜೆ ಹೇಳಿಬಿಟ್ಟೆ. ಹುಳ ಸಾಯಲೆಂದು ಹಿಂದೆ ಗದ್ದೆಗೆ ಎರಚುತ್ತಿದ್ದ ಬಿಎಚ್‌ಸಿ ಪುಡಿಯನ್ನು ನಿಲ್ಲಿಸಿ ಎಷ್ಟೋ ಕಾಲವಾಯಿತು. ಆದರೂ ಅದು ಸುಲಭಕ್ಕೆ ಸಾಯುವಂಥದ್ದಲ್ಲ. ಬಿಸಿಲಿಗೆ ಆವಿಯಾಗಿ, ಗಾಳಿಯಲ್ಲಿ ತೇಲಿ, ತಂಪು ಸಿಕ್ಕಲ್ಲಿ ಮಳೆ ಹಿಮದ ಜೊತೆ ಇಳಿದು, ನೀರಿನ ತಳದ ಕೆಸರಿಗೆ ಅಂಟಿಕೊಳ್ಳುತ್ತದೆ. ಬೇಸಾಯವೇ ಇಲ್ಲದ ಹಿಮಾಲಯದ ಕೆರೆಗಳಲ್ಲೂ ಸಿಕ್ಕಿದೆ.

ಅತ್ತೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. "ನಾವ್ ಎರಚಿದ್ದೇ ಓಗಿರ್ಬೋದಾ?"

"ಯಾರ ಗದ್ದೆಯದು ಅಂತ ಹೇಗೆ ಹೇಳೋದತ್ತೆ?"

"ಅಂಗಾರೆ ಮಳವಳ್ಳಿ ತಾವಿನ ಬೆಟ್ಟದ್ ಮ್ಯಾಲೂ ಇರ್ಬೋದು. ಅಲ್ಲಿ ಬಂಡೆ ಸಂದಿ ದೊಣೆನೀರ್ನ ಆಡುಕುರಿ ಕುಡೀತವೆ. ನಾಳೀಕೆ ಓಗವ ನಡಿ."

ಹಿಮಾಲಯಕ್ಕೆ ಹೊರಡಲಿಲ್ಲವಲ್ಲ, ಅದೇ ನನ್ನ ಪುಣ್ಯ!

ಬಸ್ಸಿನಲ್ಲಿ ತೊಳೆದ ಗಾಜಿನ ಭರಣಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. "ಉಪ್ಪಿನಕಾಯಾ ಅವ್ವ?" ಎಂದ ಕಂಡಕ್ಟರು. "ಇಲ್ಲ ಕಣಪ್ಪ, ಬೆಟ್ಟದ್ ಕೆಸರು ತರಕ್ಕೆ" ಎಂದಳು. ಮಳವಳ್ಳಿ ಬರುವವರೆಗೆ ಆತ ನಮ್ಮ ಸೀಟಿನ ಕಡೆ ಸುಳಿಯಲಿಲ್ಲ.

ಅರ್ಧ ಬೆಟ್ಟಕ್ಕೇ ಅವಳ ಮಂಡಿ ಕೈಕೊಟ್ಟಿತು. ಬಂಡೆಯೊಂದರ ಮೇಲೆ ಕುಸಿದಳು. "ಇಳಿಯೋಣ ಅತ್ತೆ, ನಾನೊಬ್ಬನೇ ಇನ್ನೊಂದು ದಿನ ಬರ್ತೀನಿ" ಎಂದೆ.

"ಕಾಲೇ ಇಲ್ದಿರೋ ಇಸ ಅತ್ತದೆ ಅಂತೀಯ. ಎಲ್ಡು ಕಾಲಿರೋಳು ನಾನ್ ಅತ್ತಕ್ಕಿಲ್ವಾ? ಕೈ ಕೊಡ್ಲಾ!"

ಹತ್ತಿದಳು! ಮೇಲೆ ಬಂಡೆಗಳ ನಡುವಿನ ದೊಣೆಯಲ್ಲಿ ನೀರು ಕನ್ನಡಿಯಂತೆ ನಿಂತಿತ್ತು. ಆಡು ಮೇಯಿಸುತ್ತಿದ್ದ ಹೆಂಗಸೊಬ್ಬಳು ನಮ್ಮನ್ನೇ ನೋಡುತ್ತಿದ್ದಳು.

"ಇಲ್ಲಿ ಯಾರಾರ ಪುಡಿಗಿಡಿ ಎರಚಿದ್ರೇನವ್ವ?" ಅತ್ತೆ ಕೇಳಿದಳು.

"ಬಂಡೆ ಮ್ಯಾಲೆ ಯಾವ್ ಬೆಳೆಗವ್ವ ಎರಚಾರು?"

ಅತ್ತೆ ಸೀರೆ ಎತ್ತಿ ಕಟ್ಟಿ ದೊಣೆಗಿಳಿದು, ಭರಣಿ ತುಂಬ ಕೆಸರು ಎತ್ತಿದಳು. ನಾನು ಬಾಟಲಿಗೆ ನೀರು ಹಿಡಿದೆ.

ಮೈಸೂರಿನ ಲ್ಯಾಬಿನಲ್ಲಿರುವ ನನ್ನ ಗೆಳೆಯ ಎರಡನ್ನೂ ಪರೀಕ್ಷೆ ಮಾಡಿಕೊಟ್ಟ. ನೀರಿನಲ್ಲಿ ಏನೂ ಸಿಗಲಿಲ್ಲ. ಕೆಸರಿನಲ್ಲಿ ಮಾತ್ರ ಬಿಎಚ್‌ಸಿ ಇತ್ತು, ತೀರ ಅಲ್ಪ. ಆಡುಗಳಿಗೆ ಭಯವಿಲ್ಲ ಎಂದಿದ್ದ. ತನ್ನ ಮಾತೇ ನಿಜವಾಯಿತೆಂದು ಅತ್ತೆ ಊರಿಗೆಲ್ಲ ಡಂಗೂರ ಹೊಡೆಯುತ್ತಾಳೆ ಅಂದುಕೊಂಡೆ. ಅವಳು ಚಪ್ಪಲಿ ಮೆಟ್ಟಿಕೊಂಡಳು. "ನಡಿ, ಆಡಿನ್ ಯಮ್ಮಂಗೆ ಯೋಳ್ಬುಟ್ಟು ಬರವ."

ಫೋನಿನಲ್ಲಿ ಮುಗಿಯುವ ಕೆಲಸವೇ ಅದು? ಮತ್ತೆ ಬಸ್ಸು, ಮತ್ತೆ ಬೆಟ್ಟ, ಮತ್ತೆ ಅದೇ ಮಂಡಿ! ಆ ಹೆಂಗಸಿಗೆ, "ನೀರು ಕುಡಿಸವ್ವ, ಕೆಸರು ಮಾತ್ರ ಕದಡಬ್ಯಾಡ" ಎಂದು ಎರಡೆರಡು ಸಲ ಹೇಳಿ ಇಳಿದಳು.

ಬೆಟ್ಟದ ಬುಡದ ಹುಣಸೆಮರದಡಿ ರೊಟ್ಟಿಯ ಗಂಟು ಬಿಚ್ಚಿದಳು. ಒಂದು ಚೂರು ಮುರಿದು, ಹುಚ್ಚೆಳ್ಳು ಚಟ್ನಿ ಸವರಿ, ನನ್ನ ಬಾಯಿಯವರೆಗೆ ತಂದ ಕೈ ತಟ್ಟನೆ ನಿಂತಿತು.

"ಆ ಪುಡಿಯ ಈ ಕೈಲೇ ಎರಚ್ತಿದ್ದೆ ಕಣ್ಲಾ. ನೀನ್ ಕೂಸಾಗಿದ್ದಾಗ ಗದ್ದೆ ಬದಿನ್ ಮ್ಯಾಲೆ ಕೂರಿಸ್ಕಂಡು ಈ ಕೈಲೇ ತುತ್ತಿಟ್ಟಿವ್ನಿ. ತೊಳ್ಕಂಡಿದ್ನೋ ಇಲ್ವೋ, ಗ್ಯಾನವೇ ಬರಕ್ಕಿಲ್ಲ."

ಆ ಕೈಯನ್ನು ಹಿಡಿದೆಳೆದು ರೊಟ್ಟಿ ಬಾಯಿಗೆ ಹಾಕಿಕೊಂಡೆ.

"ಇನ್ನೊಂದು ತುತ್ತು ಕೊಡು ಅತ್ತೆ" ಎಂದೆ. "ಹಸಿವು."