ಒಂದು ಚೊಂಬಿನ ಓರಗಿತ್ತಿ

ಎರಡು ನದಿ ಕೂಡುವ ತಿರುಮಕೂಡಲು ನರಸೀಪುರದಲ್ಲಿ ಹುಟ್ಟಿ, ಕಪಿಲೆ ಹರಿಯುವ ನಂಜನಗೂಡು ಸೇರಿದವಳು ಒಂದು ಚೊಂಬು ನೀರಿಗೆ ಹೀಗೆ ಬಡಿದಾಡಬಹುದೇ? ನನ್ನ ಓರಗಿತ್ತಿ ಬಡಿದಾಡುತ್ತಿದ್ದಳು! ಅದಕ್ಕಾಗಿ ಅತ್ತೆಯಿಂದ ಹೊಗಳಿಸಿಕೊಳ್ಳುತ್ತಲೂ ಇದ್ದಳು. ಅದೇ ಮನೆಯ ಕಿರಿಸೊಸೆಯಾದ ನನಗೆ ಹೊಟ್ಟೆ ಉರಿಯದೆ ಇನ್ನೇನು?

ತರಕಾರಿ ತೊಳೆದ ನೀರು ಮಲ್ಲಿಗೆ ಬುಡಕ್ಕೆ, ಸ್ನಾನದ ನೀರು ಬಾಳೆಗೆ. ನಾನು ಕೈ ತೊಳೆಯಲು ನಿಂತರೂ ಹಿಂದೆಯೇ ಬಂದು ಕೆಳಗೆ ಬಕೆಟ್ಟು ಇಡುವಳು. ಮಲ್ಲಿಗೆ ಬಿರಿದರೆ ಅತ್ತೆ, "ದೊಡ್ಡವಳ ಕೈಗುಣ" ಎನ್ನುವರು. ನೀರು ಕೊಟ್ಟ ಕೈ ನನ್ನದಲ್ಲವೇ?

ದೀಪದ ವಿಷಯವೂ ಅಷ್ಟೇ. ಎರಡು ಬಲ್ಬು ಒಟ್ಟಿಗೆ ಉರಿದದ್ದನ್ನು ನಾನು ಕಂಡಿಲ್ಲ. ಹುಣ್ಣಿಮೆ ಆಸುಪಾಸಿನಲ್ಲಿ ಆ ಒಂದೂ ಇಲ್ಲ, ಅಂಗಳದ ಬೆಳದಿಂಗಳಲ್ಲೇ ಊಟ. ಒಮ್ಮೆ ನಮ್ಮ ಯಜಮಾನರು ಮಬ್ಬಿನಲ್ಲಿ ಪಾಯಸಕ್ಕೆ ಸಾರು ಬೆರೆಸಿಕೊಂಡು, "ಅತ್ತಿಗೆ, ಪಾಯಸ ಇವತ್ತು ಏನೋ ವಿಶೇಷವಾಗಿದೆ" ಎಂದರು. ನಾನು ಗೋಡಂಬಿ ಸುರಿದು ಮಾಡಿದಾಗ ಈ ಮನುಷ್ಯ ತುಟಿ ಬಿಚ್ಚಿದ್ದಿಲ್ಲ.

ಸೀಮೆಎಣ್ಣೆಗೆ ಕ್ಯೂ ನಿಲ್ಲುತ್ತಿದ್ದ ಎಪ್ಪತ್ತರ ದಶಕ ಅದು. ಅನ್ನ ಒಂದು ಕುದಿ ಬಂದೊಡನೆ ಅವಳು ಸ್ಟವ್ ಆರಿಸಿ, ಪಾತ್ರೆಯನ್ನು ಹುಲ್ಲು ತುಂಬಿದ ಬುಟ್ಟಿಯಲ್ಲಿಟ್ಟು ಕಂಬಳಿ ಹೊದಿಸಿಬಿಡುವಳು. ಎಲೆ ಹಾಕುವ ಹೊತ್ತಿಗೆ ಅನ್ನ ಉದುರುದುರಾಗಿ ಅರಳಿರುತ್ತಿತ್ತು. ಅವಳು ತವರಿಗೆ ಹೋದಾಗ ನಾನೂ ಹಾಗೇ ಮಾಡಿದೆ. ಆದರೆ ಬೆಂದಿತೋ ಇಲ್ಲವೋ ಎಂದು ಗಳಿಗೆಗೊಮ್ಮೆ ಕಂಬಳಿ ಎತ್ತಿ ನೋಡಿದೆ. ಅತ್ತೆ ಒಂದು ತುತ್ತು ಅಗಿದು, "ರುಬ್ಬಿ ತಂದಿದ್ರೆ ದೋಸೆನಾದ್ರೂ ಹುಯ್ಬೋದಿತ್ತು ಕಣೇ" ಎಂದರು.

ನನಗೆ ಮಗಳು ಹುಟ್ಟಿದಾಗ ಬಾಣಂತನದ ಚಿಂತೆ ಹತ್ತಿತು. ನನಗೆ ತಾಯಿಯಿಲ್ಲ, ಅತ್ತೆಗೆ ಕೀಲುನೋವು. ಬಾಣಂತಿಗೆ ನೀರು ಹಾಕಬೇಕಾದವಳು ಇವಳೇ! ಮೈತುಂಬ ಬಿಸಿನೀರು ಬೀಳದಿದ್ದರೆ ಬಾಣಂತಿಯ ಸೊಂಟ ನಿಲ್ಲುವುದುಂಟೇ? ಒಂದು ಚೊಂಬಿನಲ್ಲಿ ಮುಗಿಸಿಬಿಡುತ್ತಾಳೆ ಎಂದು ಅಂಜುತ್ತಲೇ ಬಚ್ಚಲಲ್ಲಿ ಮಣೆಯ ಮೇಲೆ ಕುಳಿತೆ.

ಅವಳು ಎಣ್ಣೆ ತಿಕ್ಕಿ ಸುರಿಯತೊಡಗಿದಳು. ಹಂಡೆ ಬರಿದಾಯಿತು. ಮತ್ತೆ ತುಂಬಿ, ಒಲೆಗೆ ಸೌದೆ ಒಟ್ಟಿ, ಕಾಯಿಸಿ ಸುರಿದಳು.

"ಸಾಕು ಅಕ್ಕಾ, ನೀರೆಲ್ಲ ಮುಗೀತು" ಎಂದೆ.

"ಸುಮ್ನೆ ಕೂತ್ಕೋ. ಇಷ್ಟು ದಿನ ಉಳಿಸಿದ್ದು ಇನ್ಯಾರಿಗೆ?"

ನನಗೆ ಅಳು ತಡೆಯಲಾಗಲಿಲ್ಲ. ಹೆತ್ತ ತಾಯಿ ಇದ್ದಿದ್ದರೂ ಇಷ್ಟು ಸುರಿಯುತ್ತಿದ್ದಳೋ ಇಲ್ಲವೋ. ಅವಳು ಒದ್ದೆ ಸೆರಗಿನಿಂದ ನನ್ನ ಮುಖ ಒರೆಸಿ, "ಅಳ್ಬೇಡ ಕಣೇ, ನೀರು ದಂಡ" ಎಂದಳು. ನನ್ನನ್ನು ಕಂಬಳಿಯಲ್ಲಿ ಸುತ್ತಿ ಮಲಗಿಸಿ, ಹಂಡೆಯ ತಳದಲ್ಲಿ ಉಳಿದಿದ್ದ ಒಂದು ಚೊಂಬು ನೀರಿನಲ್ಲಿ ತನ್ನ ಸ್ನಾನ ಮುಗಿಸಿಕೊಂಡು ಬಂದಳು.