ಅತ್ತೆಯ ಗುಡಾಣಕ್ಕೆ ಹೊಳಪು

ನಮ್ಮ ಸೋದರತ್ತೆಯ ತಲೆ ಸರಿಯಾಗಿದೆ ಎಂದು ಗಾವಡಗೆರೆಯಲ್ಲಿ ಯಾರಾದರೂ ಹೇಳಿದರೆ, ಅವರು ಆಕೆಯ ಹಿತ್ತಿಲು ನೋಡಿಲ್ಲ ಎಂದೇ ಅರ್ಥ! ಅಂಗನವಾಡಿಯಿಂದ ನಿವೃತ್ತಳಾದವಳು ಧಾರಾವಾಹಿ ನೋಡಿಕೊಂಡು ತೆಪ್ಪಗಿರಬಾರದೆ? ಮೊಬೈಲಿನಲ್ಲಿ ವಿಡಿಯೊ ನೋಡಿ, ಸೊಂಟದೆತ್ತರದ ಮಣ್ಣಿನ ಗುಡಾಣ ಕಟ್ಟತೊಡಗಿದಳು. ಕಟ್ಟಲಿ, ಬೇಡ ಅಂದವರಾರು? ಅವಕ್ಕೆ ಗಾಜಿನಂಥ ಹೊಳಪೂ ಬರಬೇಕಂತೆ! ಅದಕ್ಕೆ ಗ್ಲೇಜು ಎಂಬ ಬಿಳಿ ಗಂಜಿ. ಗುಡಾಣ ಬಕೀಟಿನಲ್ಲಿ ಮುಳುಗುತ್ತದೆಯೇ? ಮಾವ ತಿರುಗಿಸಬೇಕು, ಈಕೆ ಚೊಂಬಿನಲ್ಲಿ ಸುರಿಯಬೇಕು. ಗುಡಾಣಕ್ಕೆ ಬಿದ್ದಷ್ಟೇ ಮಾವನಿಗೂ ಬೀಳುತ್ತಿತ್ತು.

"ಸುಟ್ರೆ ನವಿಲಿನ ಕತ್ತಿನ ಬಣ್ಣ ಬತ್ತದೆ, ನೋಡ್ತಿರು," ಎಂದಳು.

ಮಡಕೆ ಸುಡುವ ಹಿತ್ತಿಲ ಸೌದೆಗೂಡು ತೆರೆದಾಗ ಬಂದದ್ದು ಅಪ್ಪಟ ಸಗಣಿಯ ಬಣ್ಣ.

"ಇದ್ಯಾವ ನವಿಲು, ಅತ್ತೆ?"

"ಕೆಸ್ರಲ್ಲಿ ಒಳ್ಳಾಡಿರೋದು ಕಣ್ಲಾ!"

ಆ ಸಗಣಿ ನವಿಲನ್ನೇ ಕೆ.ಆರ್. ನಗರದ ನೆಂಟರ ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಬಸ್ಸಿಗೆ ಹತ್ತಿಸಿದಳು. ಜೊತೆಗೆ ನಾನೂ ಇದ್ದೆ, ನನ್ನ ಕರ್ಮ! ಕಂಡಕ್ಟರ್ ಗುಡಾಣಕ್ಕೂ ಟಿಕೆಟ್ ಕೇಳಿದ.

"ಎಂಗಸ್ರಿಗೆ ಫ್ರೀ ಅಲ್ವೇನಪ್ಪಾ?"

"ಅಮ್ಮಾ, ಅದು ಮಡಕೆ ಕಣಮ್ಮ!"

"ಸೊಂಟ ನೋಡ್ಬುಟ್ಟು ಯೋಳು!"

ಬಸ್ಸೆಲ್ಲ ನಕ್ಕಿತು. ನಾನು ಕಿಟಕಿಯಾಚೆ ನೋಡುತ್ತ ಯಾರಿಗೂ ನೆಂಟನಲ್ಲದವನಂತೆ ಕುಳಿತೆ.

ಕಳೆದ ಬೇಸಿಗೆಯಲ್ಲಿ ಗುಡಾಣ ಎತ್ತಲು ಹೋಗಿ ಅತ್ತೆ ಬಲಗೈ ಮಣಿಕಟ್ಟು ಮುರಿದುಕೊಂಡಳು. ಮೂಳೆ ಕೂಡಿದರೂ ಬೆರಳಿಗೆ ಮೊದಲಿನ ಹಿಡಿತ ಬರುವುದು ಕಷ್ಟ, ಇನ್ನು ಭಾರದ ಕೆಲಸ ಬೇಡ ಎಂದರು ಹುಣಸೂರಿನ ಡಾಕ್ಟರು. ಸದ್ಯ, ಬಂಧುಬಳಗ ಬದುಕಿತು ಎಂದುಕೊಂಡೇ ಬ್ರೆಡ್ಡು ಹಿಡಿದು ನೋಡಲು ಹೋದೆ.

ಹಿತ್ತಿಲಲ್ಲಿ ಗ್ಲೇಜು ಕಾಣದ ಒಂದೇ ಒಂದು ಗುಡಾಣ ಉಳಿದಿತ್ತು. ಅತ್ತೆ ಅದರೆದುರು ಕುರ್ಚಿ ಹಾಕಿಸಿಕೊಂಡು ಸುಮ್ಮನೆ ಕುಳಿತಿದ್ದಳು. ಅಷ್ಟು ಸುಮ್ಮನಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಬ್ರೆಡ್ಡು ಪಕ್ಕಕ್ಕಿಟ್ಟು ಅಂಗಿಯ ತೋಳು ಮಡಚಿ ಚೊಂಬು ಹಿಡಿದೆ. ಮಾವ ತಿರುಗಿಸಿದರು.

"ಮೆತ್ತಗೆ ಸುರಿ... ಅಂಗೇ... ನಿಲ್ಲುಸ್ಬೇಡ."

ಅರ್ಧ ಗ್ಲೇಜು ನೆಲದ ಪಾಲಾಯಿತು. ಬೈಗುಳಕ್ಕೆ ಕಾದೆ. ಬರಲಿಲ್ಲ.

"ಚೆನ್ನಾಗ್ ಮಾಡ್ದೆ ಕಣ್ಲಾ," ಎಂದಳು.

ನನಗೇನಾಯಿತೋ, ಬಕೀಟಿನ ಮೇಲೆ ಬಗ್ಗಿದವನಿಗೆ ತಲೆ ಎತ್ತಲಾಗಲಿಲ್ಲ. ಅತ್ತೆ ಎಡಗೈಯಲ್ಲಿ ಸೆರಗು ಹಿಡಿದು, ತಡವರಿಸುತ್ತಾ ನನ್ನ ಕೆನ್ನೆ ಒರೆಸಿದಳು.

"ಆ ಕಡೀಕ್ ತಿರುಕ್ಕಂಡು ಅಳು. ಬಕೀಟ್ಗೆ ಬಿದ್ರೆ ಗ್ಲೇಜು ತೆಳ್ಳಗಾಯ್ತದೆ."