ಶ್ರೀಧರನ ಸೆಟ್ಟಿಗೆ ಕಾವು ಕೊಟ್ಟದ್ದು

ಅಥವಾ ಅಗ್ಗಿಷ್ಟಿಕೆಯನ್ನು ತಂದವನು ನಾನೇ ಇರಬಹುದು. ಇಷ್ಟು ವರ್ಷ ಅದನ್ನು ಪಕ್ಕದ ಮನೆಯ ಸುಬ್ರಾಯಣ್ಣ ತಂದರು ಎಂದೇ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ, ಅವರು ಕೆಂಡ ತುಂಬಿದ ಅಗ್ಗಿಷ್ಟಿಕೆಯನ್ನು ಎರಡು ಕೈಯಲ್ಲಿ ಹಿಡಿದು ನಮ್ಮ ಹೊಸಿಲು ದಾಟುವುದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ. ಅಷ್ಟು ಚೆನ್ನಾಗಿ ಕಾಣುವುದರಿಂದಲೇ ಈಗ ಅನುಮಾನ. ಯಾಕೆಂದರೆ ಅಗ್ಗಿಷ್ಟಿಕೆ ನಮ್ಮದು, ಅಡುಗೆಮನೆಯಲ್ಲಿ ಇರುತ್ತಿದ್ದದ್ದು. ನಮ್ಮ ಮನೆಯ ಒಳಗೇ ಇದ್ದದ್ದನ್ನು ಪಕ್ಕದ ಮನೆಯವರು ಹೊರಗಿನಿಂದ ತರುವುದು ಹೇಗೆ? ನನ್ನ ಹೆಂಡತಿ ಸರೋಜಳನ್ನು ಕೇಳಿದರೆ ಸರಿಯಾಗಿ ಹೇಳುತ್ತಾಳೆ. ಆದ್ದರಿಂದಲೇ ಕೇಳಿಲ್ಲ.

ಇದು ನಡೆದದ್ದು ಸಾಗರದಲ್ಲಿ, ಎಂಬತ್ತರ ದಶಕದಲ್ಲಿ. ಅಷ್ಟು ಖಾತ್ರಿ. ನಾನು ಅಲ್ಲಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಸರೋಜಳ ತಮ್ಮ ಶ್ರೀಧರ ಹಡಗಿನಲ್ಲಿ ಎಲೆಕ್ಟ್ರಿಕಲ್ ಕೆಲಸದಲ್ಲಿದ್ದ. ಒಂದು ಸಲ ರಜೆಗೆ ಬರುವಾಗ ಸಿಂಗಪುರದಿಂದ ಹೈಫೈ ಸೆಟ್ಟು ತಂದ. ಕ್ಯಾಸೆಟ್ ಹಾಕುವ ಡೆಕ್ಕು ಒಂದು, ಆಂಪ್ಲಿಫೈಯರ್ ಒಂದು, ಮೊಣಕಾಲೆತ್ತರದ ಸ್ಪೀಕರ್ ಪೆಟ್ಟಿಗೆಗಳು ಎರಡು. ಅವರ ಮನೆ ನಿಟ್ಟೂರಿನಲ್ಲಿ. ನಿಟ್ಟೂರಿಗೆ ಕಂಬ ಬಂದಿತ್ತು, ತಂತಿ ಬಂದಿತ್ತು, ಎರಡೂ ಒಟ್ಟಿಗೆ ನಿಂತಿರುವ ದಿನ ಕಡಿಮೆ. ಹಾಗಾಗಿ ಸೆಟ್ಟನ್ನು ನಮ್ಮ ಮನೆಯಲ್ಲಿ ಇಟ್ಟು, "ಅಕ್ಕ, ನೋಡ್ಕೋ" ಎಂದು ಹೇಳಿ ಹೊರಟ. ಅವನು ಇಟ್ಟುಹೋದ ದಿನ ಸಾಗರದಲ್ಲೂ ಕರೆಂಟಿರಲಿಲ್ಲ. ಕರೆಂಟು ಹುಟ್ಟುವ ಜೋಗದ ಮಗ್ಗುಲಲ್ಲೇ ಇದ್ದ ಊರು ನಮ್ಮದು. ಕರೆಂಟು ನಮ್ಮನ್ನು ದಾಟಿಕೊಂಡು ಬೆಂಗಳೂರಿಗೆ ಹೋಗುತ್ತಿತ್ತು. ಪಾಪ, ಶ್ರೀಧರ ತನ್ನ ಸೆಟ್ಟನ್ನು ತಾನೇ ಒಂದು ಸಲವೂ ಕೇಳದೆ ಹೋದ.

ನಾವು ಕೇಳಿದೆವು. ಶ್ರೀಧರ ನಿಟ್ಟೂರಿನಲ್ಲಿ ಸಣ್ಣ ಬ್ಯಾಟರಿ ಟೇಪ್‌ರೆಕಾರ್ಡರಿನಲ್ಲಿ ತನ್ನ ಅಮ್ಮನ ಹಸೆಹಾಡುಗಳನ್ನು ತುಂಬಿಸಿದ್ದ ಕ್ಯಾಸೆಟ್ಟೊಂದಿತ್ತು. ಅದನ್ನು ಆ ಸೆಟ್ಟಿಗೆ ಹಾಕಿದರೆ ನಮ್ಮತ್ತೆ ಹಾಡುವುದಷ್ಟೇ ಅಲ್ಲ, ನಡುವೆ ಉಸಿರು ತೆಗೆದುಕೊಳ್ಳುವುದು, ಬಳೆ ಸರಿಸುವುದು, ದೂರದಲ್ಲಿ ಒಂದು ಕಾಗೆ, ಎಲ್ಲ ಕೇಳುತ್ತಿತ್ತು. ಸರೋಜ ವಾರಕ್ಕೊಮ್ಮೆ ಹಾಕಿ ಕೇಳಿ, ಮತ್ತೆ ಕಸೂತಿ ಬಟ್ಟೆ ಮುಚ್ಚಿಡುತ್ತಿದ್ದಳು.

ಎರಡು ವರ್ಷದ ಮೇಲೆ, ಮಳೆಗಾಲದ ಕೊನೆಯಲ್ಲಿ ಶ್ರೀಧರನ ಕಾಗದ ಬಂತು. ಭಾನುವಾರ ಬೆಳಿಗ್ಗೆ ಬರುತ್ತಾನಂತೆ. "ನಾನಿಟ್ಟುಹೋದ ಕಪ್ಪು ಕವರಿನ ಕ್ಯಾಸೆಟ್ಟನ್ನು ನಮ್ಮ ಸೆಟ್ಟಿನಲ್ಲಿ ಪೂರ್ತಿ ವಾಲ್ಯೂಮ್ ಇಟ್ಟು ಒಂದು ಸಲ ಕೇಳಬೇಕು. ಅದರ ಇನ್ನೊಂದು ಪ್ರತಿ ಇಲ್ಲಿ ಹಡಗಿನಲ್ಲಿದೆ, ಆದರೆ ಕೋಣೆಯ ಜೊತೆಗಾರ ದೊಡ್ಡದಾಗಿ ಹಾಕಗೊಡುವುದಿಲ್ಲ. ಎರಡು ವರ್ಷದಿಂದ ಅದೊಂದೇ ಆಸೆ ಅಕ್ಕ" ಎಂದು ಬರೆದಿದ್ದ.

"ಅವ್ನು ಬರೋ ತನಕ ಅದಕ್ಕೆ ಏನೂ ಆಗ್ಬಾರ್ದು. ನಾನು ಮಾತು ಕೊಟ್ಟಿದೀನಿ" ಎಂದಳು ಸರೋಜ.

"ಏನೂ ಆಗಿಲ್ಲ ಅಂತ ಒಂದ್ಸಲ ನೋಡಿಬಿಡ್ತೀನಿ."

"ನೀವು ನೋಡೋದೇ ನಂಗೆ ಹೆದರಿಕೆ."

ಅಂದು ಬುಧವಾರ. ಕಪ್ಪು ಕ್ಯಾಸೆಟ್ಟಿನ ಕವರಿನ ಮೇಲೆ ತಲೆಬುರುಡೆಯ ಚಿತ್ರವಿತ್ತು. ಹೆವಿ ಮೆಟಲ್ ಎಂಬ ಸಂಗೀತವಂತೆ. ಹೆಸರು ಕೇಳಿ ನನಗೆ ಕುತೂಹಲವಾಗಿತ್ತು. ಭಾರಲೋಹಗಳ ಬಗ್ಗೆ ನಾನು ಪಾಠ ಮಾಡಿದವನು. ವಾಲ್ಯೂಮನ್ನು ಅರ್ಧಕ್ಕೆ ತಂದು ಗುಂಡಿ ಒತ್ತಿದೆ.

ಮರದ ಮಿಲ್ಲಿನಲ್ಲಿ ಗರಗಸಕ್ಕೆ ಮೊಳೆ ಸಿಕ್ಕಿದರೆ ಒಂದು ಶಬ್ದ ಬರುತ್ತದಲ್ಲ, ಅದು ಬಂತು. ಆ ಶಬ್ದದ ಹಿಂದೆ ಯಾರೋ ಡಬ್ಬ ಉರುಳಿಸುತ್ತಿದ್ದರು. ಅದರ ಹಿಂದೆ ಇನ್ಯಾರೋ ಒಬ್ಬ, ಬಹುಶಃ ಮೊಳೆ ಹೊಡೆದವನನ್ನು, ಬೈಯುತ್ತಿದ್ದ.

ಅಡುಗೆಮನೆಯಿಂದ ಸರೋಜ, "ಎಂತ ಮುರಿದ್ರಿ?" ಎಂದಳು.

"ಮುರಿದಿಲ್ಲ, ಹಾಡು."

"ಹಾಡಾ?"

ಅವಳು ಬಂದು, ಅದನ್ನು ತೆಗೆದು ಅಮ್ಮನ ಕ್ಯಾಸೆಟ್ ಹಾಕಿದಳು. ಉಸಿರು, ಬಳೆ, ಕಾಗೆ, ಎಲ್ಲ ಮೊದಲಿನ ಹಾಗೇ ಇತ್ತು. ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಬಿಟ್ಟುಬಿಡುತ್ತಿದ್ದರು. ಆದರೆ ನಾನು ವಿಜ್ಞಾನದವನು. ಕಾಲು ಉಳುಕಿದವನು ಕೂತಿರುವಾಗ ಸರಿಯಾಗಿಯೇ ಕಾಣುತ್ತಾನೆ, ಓಡಿಸಿದರೆ ತಾನೇ ಗೊತ್ತಾಗುವುದು? ನಮ್ಮತ್ತೆಯ ಹಾಡು ಸೆಟ್ಟಿಗೆ ಕೂತಿದ್ದ ಹಾಗೆ. ಈ ಹೆವಿ ಮೆಟಲ್ಲು ಓಡಿಸಿದ ಹಾಗೆ. ಅಂದರೆ ಸೆಟ್ಟು ಒಳಗೊಳಗೇ ಉಳುಕಿದೆ!

ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಟೇಪ್ ಹೆಡ್ ಒರೆಸಿದೆ. ಗರಗರ ಹೋಗಲಿಲ್ಲ, ಇನ್ನೂ ಸ್ವಚ್ಛವಾಗಿ ಕೇಳಿಸಿತು.

ಗುರುವಾರ ಶಾಲೆ ಬಿಟ್ಟ ಮೇಲೆ ಉಸ್ಮಾನನ ಅಂಗಡಿಗೆ ಹೋದೆ. ಉಸ್ಮಾನ ರೇಡಿಯೋ ರಿಪೇರಿ ಮಾಡುತ್ತಿದ್ದ, ಮದುವೆ ಮೆರವಣಿಗೆಗೆ ಮೈಕ್‌ಸೆಟ್ಟು ಕೊಡುತ್ತಿದ್ದ. ಮನೆಗೆ ಬಂದು, ಸೆಟ್ಟು ಬಿಚ್ಚಿ, ಮೀಟರ್ ಹಿಡಿದು ಎಲ್ಲ ನೋಡಿ ಪುನಃ ಮುಚ್ಚಿದ.

"ಸೆಟ್ಟು ಚಿನ್ನದ ಹಾಗಿದೆ ಮೇಷ್ಟ್ರೇ. ಈ ಹಾಡೇ ಹೀಗಿರ್ಬೇಕು."

"ಹಾಡು ಯಾಕಪ್ಪ ಹೀಗಿರ್ತದೆ? ದುಡ್ಡು ಕೊಟ್ಟು ಯಾರಾದ್ರೂ ಒಡಕು ಶಬ್ದ ಕೊಳ್ತಾರಾ?"

ಅವನು ಕ್ಯಾಸೆಟ್ಟನ್ನು ಹಿಡಿದುಕೊಂಡು ನನ್ನನ್ನು ತನ್ನ ಅಂಗಡಿಗೇ ಕರೆದುಕೊಂಡು ಹೋಗಿ, ಮಾಡಿನ ಮೇಲೆ ಕಟ್ಟಿದ್ದ ಮೈಕ್‌ಸೆಟ್ಟಿನ ಹಾರ್ನಿಗೆ ಕೊಟ್ಟ. ಆಶ್ಚರ್ಯ ಅಂದರೆ, ಅದರಲ್ಲಿ ಚೆನ್ನಾಗಿ ಬಂತು. ಚೆನ್ನಾಗಿ ಅಂದರೆ, ಹಾರ್ನಿನಲ್ಲಿ ಎಲ್ಲವೂ ಹೇಗೆ ಬರುತ್ತದೋ ಹಾಗೆ ಬಂತು. ಎದುರಿನ ಹೋಟೆಲಿನ ಬಾಗಿಲಿಗೆ ನಾಲ್ಕು ಜನ ಬಂದು, ಇದು ಯಾವ ಪಕ್ಷದ್ದು ಎಂದು ಕೇಳಿದರು.

"ನೋಡಿದ್ರಾ? ಹಾರ್ನಿಗೆ ಎಲ್ಲ ಒಂದೇ. ನಿಮ್ಮ ಭಾವಮೈದನ ಸೆಟ್ಟು ಇದ್ದದ್ದನ್ನ ಇದ್ದ ಹಾಗೇ ತೋರಿಸ್ತದೆ. ಕನ್ನಡಕ ಹೊಸದಾದ್ರೆ ಎದುರಿದ್ದವ್ರ ಮುಖದ ಕಲೆ ಎಲ್ಲ ಕಾಣೋದಿಲ್ವಾ, ಹಾಗೆ" ಎಂದ ಉಸ್ಮಾನ.

ಈಗ ಯೋಚಿಸಿದರೆ, ಆ ವಾರವಿಡೀ ಯಾರಾದರೂ ಆಡಿದ ಬುದ್ಧಿಯ ಮಾತು ಅದೊಂದೇ. ದಾರಿಯಲ್ಲಿ ನಾನು ಅದನ್ನು ಹಿಂದುಮುಂದು ಮಾಡಿದೆ. ಬಡ ಹಾರ್ನಿನಲ್ಲಿ ಸರಿಯಾಗಿ ಬರುವ ಹಾಡು ಸಿಂಗಪುರದ ಸೆಟ್ಟಿನಲ್ಲಿ ಒಡಕಾಗಿ ಬರುತ್ತದೆ. ಹಾಗಾದರೆ ತೊಂದರೆ ಯಾವುದರಲ್ಲಿ? ಇಷ್ಟು ಸುಲಭದ ಪ್ರಶ್ನೆಯನ್ನು ನಾನು ಎಂಟನೇ ತರಗತಿಗೂ ಕೊಡುತ್ತಿರಲಿಲ್ಲ.

ಶುಕ್ರವಾರ ಸುಬ್ರಾಯಣ್ಣ ಬಂದರು. ಅಂಚೆಕಚೇರಿಯಿಂದ ನಿವೃತ್ತರಾದವರು. ಮಳೆಗಾಲದಲ್ಲಿ ಎಲ್ಲಿ ತಾಳಮದ್ದಳೆ ಕೂತರೂ ಮದ್ದಳೆ ಅವರದೇ. ಕಪ್ಪು ಕ್ಯಾಸೆಟ್ಟು ಕೇಳುತ್ತ ತಲೆ ಓರೆ ಮಾಡಿದರು, ಕಣ್ಣು ಮುಚ್ಚಿದರು.

"ಚರ್ಮ ಸಡಿಲಾಗಿದೆ" ಎಂದರು.

"ಇದ್ರಲ್ಲಿ ಚರ್ಮ ಇಲ್ಲ ಸುಬ್ರಾಯಣ್ಣ. ಕಾಗದ."

"ಕಾಗದವೇ ಆಗ್ಲಿ ಮಾರಾಯ. ನಡುಗಿ ಶಬ್ದ ಮಾಡೋದು ಯಾವುದೇ ಆದ್ರೂ ಮಳೆಗಾಲಕ್ಕೆ ಥಂಡಿ ಹಿಡೀತದೆ. ನನ್ನ ಮದ್ದಳೆ ಆಷಾಢದಲ್ಲಿ ಹೀಗೇ ಗೊರಗೊರ ಅಂತದೆ. ಬೆಂಕಿ ಹತ್ರ ಹಿಡಿದು ಕಾವು ಕೊಟ್ರೆ ಶ್ರುತಿಗೆ ಬರ್ತದೆ. ಎಂತ ದೊಡ್ಡ ವಿದ್ಯೆ ಇದು?"

ನಾನು ಬೆರಗಾಗಿ ಕೂತೆ. ತೇವ, ಉಷ್ಣ, ಆವಿ. ನಾನು ವರ್ಷ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದದ್ದು ಇದನ್ನೇ. ಉಸ್ಮಾನನ ಹತ್ತಿರ ಮೀಟರು ಮಾತ್ರ ಇತ್ತು. ಸುಬ್ರಾಯಣ್ಣನ ಹತ್ತಿರ ಸಿದ್ಧಾಂತವಿತ್ತು.

ಶನಿವಾರ ಅರ್ಧ ದಿನದ ಶಾಲೆ. ತಮ್ಮನಿಗೆಂದು ತರಕಾರಿ ತರಲು ಸರೋಜ ಸಂತೆಗೆ ಹೋದಳು. ಅವಳು ತಿರುವು ದಾಟುವ ತನಕ ಕಾದೆವು. ಆಮೇಲೆ ಅಗ್ಗಿಷ್ಟಿಕೆಯನ್ನು, ಯಾರೋ ಒಬ್ಬರು, ತಂದರು.

ಮೊದಲನೇ ಪೆಟ್ಟಿಗೆಯ ಜಾಲರಿ ಬಟ್ಟೆ ತೆಗೆದು, ಅದನ್ನು ಕೆಂಡದ ಎದುರು ಒಂದು ಗೇಣು ದೂರದಲ್ಲಿ ಕೂರಿಸಿದೆವು. ಸುಬ್ರಾಯಣ್ಣ ಆಗಾಗ ಬಗ್ಗಿ, ಒಳಗೆ ಶಬ್ದ ಮಾಡುವ ಕಾಗದದ ಬುಟ್ಟಿಯನ್ನು ತೋರುಬೆರಳಿನಿಂದ ಮೆಲ್ಲನೆ ತಟ್ಟುತ್ತಿದ್ದರು. ಹತ್ತು ನಿಮಿಷಕ್ಕೆ "ಹಾಂ, ಬಂತು" ಎಂದರು. ನಾನೂ ತಟ್ಟಿ ನೋಡಿದೆ. ಬಂದಿತ್ತು. ಏನು ಬಂದಿತ್ತು ಎಂದು ಇವತ್ತಿಗೂ ಹೇಳಲಾರೆ.

ಎರಡನೇ ಪೆಟ್ಟಿಗೆಯ ಹೊತ್ತಿಗೆ ಇಬ್ಬರಿಗೂ ಧೈರ್ಯ ಹೆಚ್ಚಿತ್ತು. ದೂರ ಅರ್ಧ ಗೇಣಾಯಿತು. ತೀರ್ಥಹಳ್ಳಿಯ ತಾಳಮದ್ದಳೆಯಲ್ಲಿ ಒಮ್ಮೆ ಭಾಗವತರು ಇನ್ನೇನು ಹಾಡಲು ಬಾಯಿ ತೆರೆಯಬೇಕು ಎನ್ನುವಾಗ ಮದ್ದಳೆ ಕೈಕೊಟ್ಟ ಕಥೆಯನ್ನು ಸುಬ್ರಾಯಣ್ಣ ಶುರುಮಾಡಿದರು. ಒಳ್ಳೆಯ ಕಥೆ. ಅದರ ಅಂತ್ಯ ನನಗೆ ಗೊತ್ತಿಲ್ಲ, ಯಾಕೆಂದರೆ ನಡುವೆ ಅಂಟು ಸುಟ್ಟ ವಾಸನೆ ಬಂತು. ಬುಟ್ಟಿಯ ಅಂಚಿನ ರಬ್ಬರು ಒಂದು ಕಡೆ ಕರಿದ ಹಪ್ಪಳದ ಹಾಗೆ ಮೇಲೆದ್ದಿತ್ತು. ಹೆಬ್ಬೆರಳಿನಿಂದ ಒತ್ತಿದೆ, ಕೂತಿತು. ಬಿಟ್ಟೆ, ಎದ್ದಿತು. ಸುಬ್ರಾಯಣ್ಣ ಜಾಲರಿ ಮುಚ್ಚಿದರು.

ಕಪ್ಪು ಕ್ಯಾಸೆಟ್ ಹಾಕಿದೆವು. ಗರಗಸ, ಮೊಳೆ, ಡಬ್ಬ, ಬೈಗುಳ. ಏನೂ ಕಡಿಮೆಯಾಗಿರಲಿಲ್ಲ.

"ಸ್ವಲ್ಪ ಹದಕ್ಕೆ ಬಂದಿದೆ" ಎಂದರು ಸುಬ್ರಾಯಣ್ಣ.

ನನಗೂ ಹಾಗೇ ಅನ್ನಿಸಿತು. ಅನ್ನಿಸದೆ ಬೇರೆ ದಾರಿಯಿರಲಿಲ್ಲ.

ಭಾನುವಾರ ಬೆಳಿಗ್ಗೆ ಶ್ರೀಧರ ಬಂದವನು ಕಾಫಿಯನ್ನೂ ಕುಡಿಯಲಿಲ್ಲ. ನೇರ ಹೋಗಿ ಕಪ್ಪು ಕ್ಯಾಸೆಟ್ ಹಾಕಿ, ವಾಲ್ಯೂಮನ್ನು ಕೊನೆಯ ತನಕ ತಿರುಗಿಸಿದ. ನಾನು ಬಾಗಿಲ ಹತ್ತಿರ ನಿಂತೆ, ಅಗತ್ಯಬಿದ್ದರೆ ಹೊರಗೆ ಹೋಗಲು ಅನುಕೂಲವೆಂದು. ಕಪಾಟಿನ ಲೋಟಗಳೆಲ್ಲ ಅಲುಗಿದವು. ಶ್ರೀಧರ ಕಣ್ಣು ಮುಚ್ಚಿ ನೆಲದ ಮೇಲೆ ಕೂತು, ಮಂತ್ರ ಕೇಳುವವನ ಹಾಗೆ ತಲೆದೂಗತೊಡಗಿದ. ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿದಾಗ ಅವನ ಕಣ್ಣು ಒದ್ದೆಯಾಗಿತ್ತು.

"ಇದು, ಭಾವ. ಇದನ್ನೇ ಕೇಳ್ಬೇಕು ಅಂತಿದ್ದದ್ದು."

"ಅಂದ್ರೆ... ಇದು ಹೀಗೇ ಇರೋದಾ?"

"ಹೀಗೇ. ಗಿಟಾರಿನ ಶಬ್ದನ ಅವ್ರು ಬೇಕಂತಲೇ ಒಡಕು ಮಾಡ್ತಾರೆ."

ನಾನು ಬಾಗಿಲಿಗೆ ಇನ್ನೊಂದು ಹೆಜ್ಜೆ ಹತ್ತಿರವಾದೆ. ಸರೋಜಳ ಮುಖ ಮಾತ್ರ ಅರಳಿತ್ತು. ಕೊಟ್ಟ ಮಾತು ಉಳಿದಿತ್ತಲ್ಲ. ಆ ಖುಷಿಯಲ್ಲಿ, "ಇನ್ನು ಅಮ್ಮನ್ನ ಕೇಳು. ಬಳೆ ಶಬ್ದ ಸಮೇತ ಬರ್ತದೆ" ಎಂದು ಹೇಳಿ, ತಾನೇ ಕ್ಯಾಸೆಟ್ ಬದಲಾಯಿಸಿದಳು.

ಎಡಗಡೆಯ ಪೆಟ್ಟಿಗೆಯಿಂದ ನಮ್ಮತ್ತೆ ಹಾಡಿದರು. ಬಲಗಡೆಯದರಿಂದ, ಡಬ್ಬಿಯಲ್ಲಿ ಸಿಕ್ಕಿಬಿದ್ದ ಕಣಜದ ಹುಳ ಅದೇ ಹಾಡನ್ನು ಹಾಡಿತು. ಉಸಿರು ಎಳೆದಾಗ ಯಾರೋ ಬಟ್ಟೆ ಹರಿದ ಹಾಗಿತ್ತು.

ಶ್ರೀಧರ ಸ್ವಲ್ಪ ಹೊತ್ತು ಕೇಳಿ, "ಅಮ್ಮಂಗೆ ಆವತ್ತು ಶೀತ ಆಗಿತ್ತಾ ಅಕ್ಕ?" ಎಂದ.

"ನೀನೇ ಅಲ್ವೇನೋ ತುಂಬ್ಸಿದ್ದು. ಮೊನ್ನೆ ಬುಧವಾರ ಸರಿ ಇತ್ತು" ಎಂದು ಹೇಳುತ್ತ, ಸರೋಜ ನಿಧಾನವಾಗಿ ನನ್ನ ಕಡೆ ತಿರುಗಿದಳು.

ಶ್ರೀಧರ ಜಾಲರಿ ತೆಗೆದ. ಬೆರಳಾಡಿಸಿ ನೋಡಿಕೊಂಡ. "ಭಾವ, ಸ್ಪೀಕರಿನೊಳಗೆ ಬೂದಿ ಹೇಗೆ ಬಂತು?"

ಹೇಳಿದೆ. ತೇವ, ಉಷ್ಣ, ಆವಿ, ಮದ್ದಳೆ, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಹೇಳುವಾಗ ಅದು ಶುಕ್ರವಾರದಷ್ಟು ಸರಿಯಾಗಿ ಕೇಳಿಸಲಿಲ್ಲ.

"ನೀವು ವಿಜ್ಞಾನ ಅಲ್ವಾ ಕಲಿಸೋದು?" ಎಂದ ಶ್ರೀಧರ.

"ಹೌದು."

"ಎಷ್ಟನೇ ಕ್ಲಾಸಿಗೆ?"

"ಎಂಟರಿಂದ ಹತ್ತು."

"ಹತ್ತಕ್ಕೂನಾ" ಎಂದ.

ಸರೋಜ ಆ ದಿನವೇ ಬೈದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಶ್ರೀಧರ ಬಲಗಡೆಯ ಪೆಟ್ಟಿಗೆಯ ತಂತಿ ಬಿಚ್ಚಿ, ಅಮ್ಮನ ಹಾಡನ್ನು ಒಂದೇ ಪೆಟ್ಟಿಗೆಯಲ್ಲಿ ಅಕ್ಕನ ಜೊತೆ ಕೂತು ಕೇಳಿದ. ಅರ್ಧ ಬಳೆ, ಅರ್ಧ ಕಾಗೆ. ಕಪ್ಪು ಕ್ಯಾಸೆಟ್ಟಿಗೆ ಮಾತ್ರ ಮತ್ತೆ ಎರಡೂ ತಂತಿ ಸಿಕ್ಕಿಸುತ್ತಿದ್ದ. ಅದಕ್ಕೆ ಸುಟ್ಟ ಪೆಟ್ಟಿಗೆಯಿಂದ ಏನೂ ತೊಂದರೆಯಿಲ್ಲ, ಇನ್ನೂ ಸ್ವಲ್ಪ ಖಾರವಾಗಿಯೇ ಬರುತ್ತದೆ ಎಂದ. ಅದನ್ನು ನನ್ನ ಸಮಾಧಾನಕ್ಕೆ ಹೇಳಿದನೋ, ನಿಜವಾಗಿ ಹಾಗನ್ನಿಸಿತೋ, ನಾನು ವಿಚಾರಿಸಲಿಲ್ಲ. ಅಂಥ ಸ್ಪೀಕರು ಆಮೇಲೆ ಎಲ್ಲೂ ಸಿಗಲಿಲ್ಲ.

ಅಷ್ಟು ಬೆಲೆಬಾಳುವ ಸೆಟ್ಟು ಅಂಥ ಗದ್ದಲದ ಸಂಗೀತಕ್ಕೆ ಒಪ್ಪುತ್ತದೋ ಇಲ್ಲವೋ ಎಂದು ಈಗಲೂ ಕೆಲವರು ಕೇಳುತ್ತಾರೆ. ಉತ್ತರ ನನ್ನ ಮನೆಯಲ್ಲೇ ಎರಡು ವರ್ಷ ಬಟ್ಟೆ ಹೊದ್ದು ಕೂತಿತ್ತು. ಸೆಟ್ಟು ಸರಿಯಿದ್ದಾಗ ಆ ಕ್ಯಾಸೆಟ್ಟನ್ನು ಅದರಲ್ಲಿ ಹಾಕಿದವನು ನಾನೊಬ್ಬನೇ, ಆದರೆ ನಾನು ಹಾಡು ಕೇಳಲಿಲ್ಲ, ದೋಷ ಹುಡುಕುತ್ತಿದ್ದೆ. ಶ್ರೀಧರ ಕೇಳಿದ್ದು ನಾನು ಕೆಡಿಸಿದ ಮೇಲೆ, ಅವನಿಗೆ ಕಣ್ಣೀರು ಬಂತು. ಕೆಡದಿದ್ದರೆ ಅವನಿಗೆ ಇನ್ನೂ ಹೆಚ್ಚು ಖುಷಿಯಾಗುತ್ತಿತ್ತೋ, ಕಡಿಮೆಯಾಗುತ್ತಿತ್ತೋ, ನನಗೆ ಗೊತ್ತಿಲ್ಲ. ಅವನಿಗೂ ಗೊತ್ತಿಲ್ಲ.